ಎರಡು ಗಂಟೆಯ ಮರಳು

ಟೈಮರ್ ಕೊಳ್ಳಲು ಬಂದವರನ್ನು ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ನಿಮಗೆ ಇಟ್ಟುಕೊಡುವವರು ಯಾರು? ಉತ್ತರ ಬಂದ ಮೇಲೆಯೇ ಕಪಾಟಿನ ಕದ ತೆಗೆಯುತ್ತಿದ್ದೆ. ನಮ್ಮ ಊರಿನಲ್ಲಿ ಕೈಕೆಲಸಕ್ಕೆ ಕೂತವರು ತಾವಾಗಿ ಏಳಲಾರರು. ಟೈಮರ್ ಬಡಿದರೆ ಕೈ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. ಅದನ್ನು ತಾವೇ ಇಟ್ಟುಕೊಂಡರೆ ಬಡಿದದ್ದು ತಮ್ಮ ಕಿವಿಗೆ ಕೇಳಿಸುವುದಿಲ್ಲ, ಇನ್ನೊಬ್ಬರು ಇಟ್ಟುಕೊಡಬೇಕು. ಹಾಗೆ ಇಟ್ಟುಕೊಡುವವರನ್ನು ನಾವು ಜೊತೆ ಎನ್ನುತ್ತೇವೆ. ಕೈ ಹಿಡಿದು ಎಳೆದು ನಿಲ್ಲಿಸಬಹುದಲ್ಲ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಎಳೆಯಬಹುದು. ನನ್ನ ಸೋದರತ್ತೆಯನ್ನು ಒಮ್ಮೆ ಬೀಸುವ ಕಲ್ಲಿನ ಮುಂದಿನಿಂದ ಎತ್ತಿಕೊಂಡು ಹೋಗಿ ಮಲಗಿಸಿದ್ದರು. ಕಲ್ಲು ಅಡುಗೆಮನೆಯಲ್ಲೇ ಉಳಿಯಿತು. ಅವರ ಬಲಗೈ ಮಾತ್ರ ಹಾಸಿಗೆಯ ಮೇಲೆ ಮೂರು ದಿನ ಸುತ್ತುತ್ತಲೇ ಇತ್ತು.

ಅಂಗಡಿ ನಮ್ಮ ಮಾವನವರದು. ಅವರ ನಂತರ ನನ್ನ ಯಜಮಾನರು, ಅವರೂ ಹೋದ ಮೇಲೆ ನಾನು, ಹೀಗೆ ನಲವತ್ತು ವರ್ಷ ಆ ಕಪಾಟುಗಳ ನಡುವೆ ಕಳೆದೆ. ಕೀಲಿ ಕೊಡುವ ಟೈಮರುಗಳಿದ್ದವು. ತೂತು ಬಟ್ಟಲುಗಳಿದ್ದವು, ನೀರಿನ ಮೇಲೆ ತೇಲಬಿಟ್ಟರೆ ನಿಧಾನಕ್ಕೆ ತುಂಬಿ ಮುಳುಗಿ ತಳಕ್ಕೆ ಬಡಿಯುವಂಥವು. ಮರಳಿನ ಪೆಟ್ಟಿಗೆಗಳಿದ್ದವು. ಅವುಗಳಲ್ಲಿ ಮರಳೆಲ್ಲ ಕೆಳಗಿಳಿದ ಕೂಡಲೇ ಒಂದು ಸಣ್ಣ ತೂಕ ಕಳಚಿ ಹಿತ್ತಾಳೆಯ ತಟ್ಟೆಯ ಮೇಲೆ ಬೀಳುತ್ತಿತ್ತು. ಯಾರಿಗೆ ಯಾವುದು ಒಗ್ಗುತ್ತದೆ ಎನ್ನುವುದು ನನಗೆ ಮುಖ ನೋಡಿದರೆ ತಿಳಿಯುತ್ತಿತ್ತು. ಹೊಲಿಗೆಯವರಿಗೆ ಇಪ್ಪತ್ತೈದು ನಿಮಿಷದ್ದು ಸಾಕು, ಆಮೇಲೆ ಐದು ನಿಮಿಷ ಜಗಲಿಗೆ ಬಂದು ಬೀದಿ ನೋಡಬೇಕು. ಅಕ್ಕಸಾಲಿಗರಿಗೆ ಹನ್ನೆರಡು. ಅಕ್ಷರ ತಿದ್ದುವ ಮಕ್ಕಳಿಗೆ ಎಂಟರ ಮೇಲೆ ಕೊಡುತ್ತಿರಲಿಲ್ಲ, ತಂದೆತಾಯಿ ಎಷ್ಟೇ ಕೇಳಲಿ. ಬೆಚ್ಚಿಬೀಳುವವರಿಗೆ ನೀರಿನ ಬಟ್ಟಲು, ಸಂಶಯದವರಿಗೆ ಮುಳ್ಳು ಕಾಣುವ ಕೀಲಿ ಟೈಮರು.

ನಾನು ಮೂರು ವರ್ಷ ದೂರದ ಪಟ್ಟಣದಲ್ಲಿ ಬಿ.ಎ. ಓದಿದವಳು. ಅಲ್ಲಿನ ಜನ ಬೇಕೆಂದಾಗ ಪೆನ್ನು ಕೆಳಗಿಟ್ಟು ಏಳುತ್ತಿದ್ದರು. ನನಗೆ ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಸುಭದ್ರಾ ಎಂಬ ಹುಡುಗಿ ಎರಡನೆಯ ವಾರವೇ ಹೇಗೋ ಕಂಡುಕೊಂಡಳು. ಅವಳು ಒಂದು ಮಾತೂ ಕೇಳಲಿಲ್ಲ. ನಾನು ನೋಟ್ಸ್ ಬರೆಯಲು ಕೂತಾಗಲೆಲ್ಲ ನನ್ನ ಟೈಮರಿಗೆ ಕೀಲಿ ಕೊಟ್ಟು ಕಿಟಕಿಯಲ್ಲಿಟ್ಟು ತನ್ನ ಪಾಡಿಗೆ ತಲೆ ಬಾಚಿಕೊಳ್ಳುತ್ತಿದ್ದಳು. ಅಂಥವರನ್ನು ನಾನು ಮರೆಯುವುದಿಲ್ಲ.

ಅಂಗಡಿಯ ಎದುರು ಕ್ಷೌರದ ನಂಜುಂಡನ ಕೋಣೆ. ರಿಪೇರಿಗೆ ಕೂತಾಗ ನನಗೆ ಅವನೇ ಜೊತೆ, ಅವನಿಗೆ ನಾನು. ಅವನದು ಏಳು ನಿಮಿಷದ್ದು. ಒಮ್ಮೆ ನಾನು ಊರಲ್ಲಿಲ್ಲದಾಗ ಅವನ ಹೆಂಡತಿ ಕೋಪದಲ್ಲಿ ಹದಿನೈದಕ್ಕೆ ತಿರುಗಿಸಿಟ್ಟು ತವರಿಗೆ ಹೋಗಿಬಿಟ್ಟಿದ್ದಳು. ಅವತ್ತು ಕುರ್ಚಿಯಲ್ಲಿ ಕೂತಿದ್ದ ಶಾನುಭೋಗರು ಹುಬ್ಬಿಲ್ಲದೆ ಮನೆಗೆ ಹೋದರು. "ವಾರಿಜಮ್ನೋರೇ, ನಿಮ್ಮ ಕೈಗುಣದಿಂದ ಊರಿನ ಹುಬ್ಬು ಉಳ್ಕೊಂಡಿದೆ" ಎಂದು ಅವನು ಆಗೆಲ್ಲ ಹೇಳುತ್ತಿದ್ದ.

ಪಕ್ಕದ ಮನೆಯಲ್ಲಿ ಹಲೀಮಾ. ರಫು ಮಾಡುವವಳು. ಇಲಿ ಕಡಿದ ಶಾಲು, ಕಿಡಿ ಬಿದ್ದು ತೂತಾದ ರೇಷ್ಮೆ ಸೀರೆ, ಯಾವುದೇ ಇರಲಿ, ಎಳೆಗೆ ಎಳೆ ಕೂಡಿಸಿ ಕೊಟ್ಟರೆ ತೂತು ಎಲ್ಲಿತ್ತೆಂದು ಕೊಟ್ಟವರಿಗೂ ತಿಳಿಯುತ್ತಿರಲಿಲ್ಲ. ಮುಗಿದ ಮೇಲೆ ಅವಳು ಬಟ್ಟೆಯನ್ನು ಬೆಳಕಿಗೆ ಹಿಡಿದು "ಹುಡುಕಿ ನೋಡೋಣ" ಎಂದು ಪಂಥ ಕಟ್ಟುವಳು. ಯಾರೂ ಗೆದ್ದದ್ದನ್ನು ನಾನು ಕಾಣೆ. ಅವಳಿಗೆ ಜೊತೆ ಅವಳ ಮಗಳು ನಸೀಮಾ. ಎಂಟನೆಯ ವಯಸ್ಸಿನಿಂದ ಆ ಹುಡುಗಿ ತಾಯಿಯ ಟೈಮರನ್ನು ಇಪ್ಪತ್ತಕ್ಕೆ ತಿರುಗಿಸುತ್ತಿದ್ದಳು. ಹತ್ತೊಂಬತ್ತು ತುಂಬಿದ ವರ್ಷ ಆರು ದಿನ ಜ್ವರ ಬಂದು ಹೋಗಿಬಿಟ್ಟಳು.

ನಲವತ್ತು ದಿನ ಹಲೀಮಾ ಸೂಜಿ ಮುಟ್ಟಲಿಲ್ಲ. ಆ ನಲವತ್ತು ದಿನ ನಂಜುಂಡ ಕತ್ತಿ ಮಸೆಯುವುದನ್ನು ಹಿತ್ತಿಲಿಗೆ ಒಯ್ದಿದ್ದ, ಆ ಸದ್ದು ಅವಳ ಮನೆಗೆ ಹೋಗಬಾರದೆಂದು. ಅದನ್ನು ಅವನು ಯಾರಿಗೂ ಹೇಳಲಿಲ್ಲ. ನಾನು ನೋಡಿದೆ, ಅಷ್ಟೆ. ನಲವತ್ತೊಂದನೆಯ ಬೆಳಿಗ್ಗೆ ಹಲೀಮಾ ನನ್ನ ಅಂಗಡಿಗೆ ಬಂದಳು. ಹಳೆಯ ಟೈಮರನ್ನು ಮೇಜಿನ ಮೇಲಿಟ್ಟಳು.

"ಇದು ಬೇಡ ವಾರಿಜಕ್ಕ. ಟಿಕ್ ಟಿಕ್ ಅಂತದೆ. ಅವಳ ಮಂಚದ ಹತ್ರ ಆರು ದಿನ ಇದೇ ಸದ್ದು ಕೇಳಿದ್ದೀನಿ. ಸದ್ದೇ ಇಲ್ದೆ ಇರೋದು ಕೊಡು."

ಮರಳಿನ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟೆ. ಇಪ್ಪತ್ತು ನಿಮಿಷದ್ದನ್ನು ಅವಳ ಕಡೆ ಸರಿಸಿದೆ. ಅವಳು ಅದನ್ನು ವಾಪಸು ಸರಿಸಿದಳು.

"ಎರಡು ಗಂಟೆದು ಇದೆಯಾ?"

ಒಂದು ಇತ್ತು. ಗಂಧ ತೇಯುವವರಿಗೆಂದು ಮಾವನವರು ತರಿಸಿಟ್ಟದ್ದು, ಯಾರೂ ಕೊಂಡಿರಲಿಲ್ಲ. "ಎರಡು ಗಂಟೆ ರಫುಗೆ ಆಗಲ್ಲ ಕಣೇ. ಕಣ್ಣು ಹೋಗುತ್ತೆ. ಕತ್ತು ಹಿಡಿಯುತ್ತೆ" ಎಂದೆ.

"ಹೋಗ್ಲಿ. ಕೆಲಸದಲ್ಲಿದ್ದಾಗ ಏನೂ ನೆನಪಾಗಲ್ಲ ಅಕ್ಕ. ಎದ್ದರೇನೇ ಕಷ್ಟ."

ಪೆಟ್ಟಿಗೆಯನ್ನು ಮೇಲಿನ ಕಪಾಟಿನಿಂದ ಇಳಿಸಿ ಕೊಟ್ಟೆ. ಅವಳು ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದಳು. ನಾನು ಕೇಳಬೇಕಾದ ಪ್ರಶ್ನೆಯನ್ನು ಕೇಳಲಿಲ್ಲ, ಅವಳೇ ಹೇಳಿದಳು. "ಇಟ್ಟುಕೊಡೋಕೆ ನಿನ್ನನ್ನ ಬಿಟ್ರೆ ನಂಗೆ ಯಾರಿದಾರೆ?"

ಜೊತೆಯಾದವರು ಪಾಲಿಸಬೇಕಾದ್ದು ಒಂದೇ. ಕೇಳಿದಷ್ಟು ಕೊಡಬೇಕು, ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ. ಕೆಲಸದಲ್ಲಿ ಮುಳುಗಿದವರಿಗೆ ಹೊತ್ತು ತಿಳಿಯುವುದಿಲ್ಲ. ಅವರ ಹೊತ್ತೆಲ್ಲ ಜೊತೆಯ ಕೈಯಲ್ಲಿರುತ್ತದೆ. ನಾನು ಚಿಕ್ಕವಳಿದ್ದಾಗ ಕಂಚುಗಾರರ ಬೀದಿಯಲ್ಲಿ ಒಬ್ಬ ತನ್ನ ಜೊತೆಗೆ ಕಡಿಮೆ ಇಟ್ಟು ಸಿಕ್ಕಿಬಿದ್ದಿದ್ದ. ಅವನನ್ನು ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಅವನಿಗೆ ಮತ್ತೆ ಯಾರೂ ಇಟ್ಟುಕೊಡಲಿಲ್ಲ, ಅಷ್ಟೆ. ಒಂದು ವರ್ಷ ಕೈ ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದು, ಆಮೇಲೆ ಊರು ಬಿಟ್ಟ.

ಮೊದಲ ಎರಡು ವಾರ ನಾನು ಸರಿಯಾಗಿಯೇ ನಡೆದುಕೊಂಡೆ. ಬೆಳಿಗ್ಗೆ ಪೆಟ್ಟಿಗೆಯನ್ನು ಮಗುಚಿಟ್ಟು ಬರುತ್ತಿದ್ದೆ. ಎರಡು ಗಂಟೆಯ ನಂತರ ತೂಕ ಬೀಳುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಅವಳು ಹೊರಗೆ ಬರುವುದನ್ನು ಕಾಯುತ್ತಿದ್ದೆ. ಕತ್ತು ಒಂದು ಕಡೆ ವಾಲಿರುತ್ತಿತ್ತು, ಬೆರಳುಗಳು ಮಡಚಿದಂತೆಯೇ ಇರುತ್ತಿದ್ದವು. ನೀರು ಕುಡಿಯದೆ, ಬೀದಿಯನ್ನು ನೋಡದೆ, "ಇಟ್ಟುಬಿಡಕ್ಕ, ಇಟ್ಟುಬಿಡು" ಎನ್ನುತ್ತಿದ್ದಳು. ಒಂದು ದಿನ ಅವಳು ಮೆಟ್ಟಿಲಿನ ಮೇಲೆ ಬಿದ್ದಳು. ನಂಜುಂಡ ಗಿರಾಕಿಯ ಮುಖದ ನೊರೆಯನ್ನು ಹಾಗೇ ಬಿಟ್ಟು ಓಡಿಬಂದ. ಆಗ ತಾನೇ ಅವನ ಏಳು ನಿಮಿಷ ಮುಗಿದಿತ್ತು, ಇಲ್ಲದಿದ್ದರೆ ಅವನಿಗೂ ಬರಲಾಗುತ್ತಿರಲಿಲ್ಲ.

ಟೈಮರುಗಳು ಸಂಜೆಗೆ ಜೊತೆಯವರ ಮನೆಯಲ್ಲಿರಬೇಕು ಎನ್ನುವುದು ಪದ್ಧತಿ. ಅವತ್ತು ಸಂಜೆ ದೀಪ ಹಚ್ಚಿದ ಮೇಲೆ ಪೆಟ್ಟಿಗೆಯ ಬಿರಡೆ ತೆಗೆದು ಒಂದು ಚಮಚ ಮರಳು ಹೊರಗೆ ಸುರಿದೆ. ಆ ಮರಳನ್ನು ಒಂದು ಖಾಲಿ ಕುಂಕುಮದ ಭರಣಿಗೆ ಹಾಕಿಟ್ಟೆ. ಮರುದಿನ ಇನ್ನೊಂದು ಚಮಚ. ಒಮ್ಮೆಲೇ ತೆಗೆದರೆ ತಿಳಿದೀತು ಎಂದು ದಿನಕ್ಕೆ ಒಂದರಂತೆ ತೆಗೆದೆ. ತಿಂಗಳು ಕಳೆಯುವ ಹೊತ್ತಿಗೆ ಎರಡು ಗಂಟೆಯ ಪೆಟ್ಟಿಗೆ ನಲವತ್ತು ನಿಮಿಷಕ್ಕೆ ಬಡಿಯುತ್ತಿತ್ತು. ಇಷ್ಟು ಬಿಡಿಸಿ ಹೇಳುತ್ತಿರುವುದು ನಾನು ಅದನ್ನು ತಿಳಿದೂ ತಿಳಿದೂ ಮಾಡಿದೆ ಎಂದು ತಿಳಿಯಲಿ ಎಂದೇ.

ಅವಳಲ್ಲಿ ಬದಲಾವಣೆ ಕಂಡಿತು. ಬಿಡುವು ಬೇಗ ಬೇಗ ಬರತೊಡಗಿದ ಮೇಲೆ ಅವಳು ಜಗಲಿಯ ಮೇಲೆ ಕೂರುವುದನ್ನು ಕಲಿತಳು. ಮೊದಲು ಸುಮ್ಮನೆ ಅಳುತ್ತಿದ್ದಳು. ಆಮೇಲೆ ನಸೀಮಾಳ ವಿಷಯ ಎರಡು ಮಾತು ಆಡತೊಡಗಿದಳು, ಅವಳು ಹುಳಿ ಹಣ್ಣಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದದ್ದು, ನಂಜುಂಡನ ನಡಿಗೆಯನ್ನು ಅಣಕಿಸುತ್ತಿದ್ದದ್ದು. ನಂಜುಂಡ ಎದುರಿನಿಂದಲೇ, "ಅಣಕಿಸ್ತಿದ್ದಳಾ? ಗೊತ್ತಾಗಿದ್ರೆ ಜಡೆ ಕತ್ತರಿಸ್ತಿದ್ದೆ" ಎಂದ. ಹಲೀಮಾ ನಕ್ಕಳು. ಮಗಳು ಹೋದ ಮೇಲೆ ಅದು ಮೊದಲ ನಗು. ನನಗೆ ನನ್ನ ಚಮಚದ ಬಗ್ಗೆ ಹೆಮ್ಮೆಯಾಯಿತು.

"ದಿನ ಯಾಕೋ ಉದ್ದ ಆಗ್ತಿದೆ ಅಕ್ಕ" ಎಂದಳು ಒಮ್ಮೆ.

"ಬೇಸಿಗೆ ಅಲ್ವೇನೇ" ಎಂದೆ.

ಅವಳು ಒಪ್ಪಿಕೊಂಡು ತಲೆಯಾಡಿಸಿದಳು.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಒಂದು. ರಫು ಮಾಡುವವರು ಹೊತ್ತನ್ನು ಟೈಮರಿನಿಂದ ಅಳೆಯುವುದಿಲ್ಲ, ತುಂಬಿದ ಜಾಗ ಎಷ್ಟು ಬೆರಳಗಲ ಎಂದು ಬಟ್ಟೆಯ ಮೇಲೆ ಬೆರಳಿಟ್ಟು ಅಳೆಯುತ್ತಾರೆ. ಎಷ್ಟು ಹೊತ್ತಿಗೆ ಎಷ್ಟು ಬೆರಳು ತುಂಬುತ್ತದೆಂದು ಅವಳ ಕೈಗೆ ಇಪ್ಪತ್ತೈದು ವರ್ಷದಿಂದ ಗೊತ್ತು. ಒಂದು ಮಧ್ಯಾಹ್ನ ಅವಳು ಜಗಲಿಗೆ ಬರಲಿಲ್ಲ. ನಾನು ಒಳಗೆ ಹೋದೆ. ಮಂಚದ ಮೇಲೆ ಊರಿನವರ ಬಟ್ಟೆಗಳನ್ನೆಲ್ಲ ಮಡಿಸಿ ಗಂಟು ಕಟ್ಟುತ್ತಿದ್ದಳು.

"ಇದೇನೇ?"

"ವಾಪಸ್ ಕೊಟ್ಟುಬಿಡ್ತೀನಿ. ನನ್ನ ಕೈ ಹೋಯ್ತು ವಾರಿಜಕ್ಕ."

"ಏನು ಮಾತು ಅಂತ ಆಡ್ತೀಯ?"

ಅವಳು ಒಂದು ಶಾಲನ್ನು ಬಿಡಿಸಿ ತೋರಿಸಿದಳು. "ಎರಡು ಗಂಟೆಗೆ ನಾಲ್ಕು ಬೆರಳು ತುಂಬಬೇಕು ನಂಗೆ. ಮೊದಲು ತುಂಬ್ತಿತ್ತು. ಆಮೇಲೆ ಮೂರಾಯ್ತು. ಸುಸ್ತು ಇರಬೇಕು ಅಂದ್ಕೊಂಡೆ. ಎರಡಾಯ್ತು. ಈಗ ನೋಡು, ಒಂದೂವರೆ. ಎರಡು ಗಂಟೆ ಕೂತು ಒಂದೂವರೆ ಬೆರಳು! ದಿನಾ ಒಂಚೂರು ಒಂಚೂರು ಕಮ್ಮಿ ಆಗ್ತಾ ಬಂತು ಅಕ್ಕ, ದೀಪದಲ್ಲಿ ಎಣ್ಣೆ ತೀರೋ ಹಂಗೆ. ಮಗಳು ಹೋದಳು, ಕೈ ಇದೆ ಅಂದ್ಕೊಂಡಿದ್ದೆ. ಅದೂ ಅವಳ ಹಿಂದೆನೇ ಹೋಗ್ತಿದೆ."

ಮರಳಿನ ವಿಷಯ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಗಂಟನ್ನು ಹೊತ್ತು ಹೊರಟುಹೋಗಿದ್ದಳು. ಅವತ್ತು ಅವಳು ಹನ್ನೊಂದು ಮನೆಗಳಿಗೆ ಹೋಗಿ ಬಟ್ಟೆ ಹಿಂದಿರುಗಿಸಿದಳು. ಯಾರೂ ಯಾಕೆ ಎಂದು ಕೇಳಲಿಲ್ಲವಂತೆ. ಒಂದು ಮನೆಯವರು ಮಾತ್ರ, "ಇದು ಹೀಗೇ ಇರಲಿ, ನಿನ್ನ ಕೈ ಸರಿಹೋದ ಮೇಲೆ ಮಾಡು, ಅವಸರ ಇಲ್ಲ" ಎಂದು ತಮ್ಮ ಶಾಲನ್ನು ಅವಳ ಹೆಗಲ ಮೇಲೆಯೇ ಹೊದಿಸಿ ಕಳಿಸಿದ್ದರು.

ನಂಜುಂಡನಿಗೆ ನಾನು ಎಲ್ಲವನ್ನೂ ಹೇಳಿದೆ. ಅವನು ಕುರ್ಚಿಯನ್ನು ಒರೆಸುತ್ತಿದ್ದ ಬಟ್ಟೆ ಕೆಳಗೆ ಬಿತ್ತು.

"ಅಮ್ನೋರೇ, ನೀವಾ?"

"ನಾನೇ."

"ಬಾಯಿ ಬಿಡಬೇಡಿ. ಮರಳು ವಾಪಸ್ ಸುರಿದುಬಿಡಿ. ಹೆಂಗಾದ್ರೂ ಅವಳನ್ನ ಒಂದ್ಸಲ ಕೂರಿಸಿ. ನಾಲ್ಕು ಬೆರಳು ಬಂದ್ರೆ ಅವಳಿಗೂ ಸಮಾಧಾನ, ನಿಮಗೂ ಮರ್ಯಾದೆ. ಹೇಳಿದ್ರೆ ಈ ಬೀದಿಲಿ ನಿಮಗೆ ಯಾರು ಇಟ್ಟುಕೊಡ್ತಾರೆ?"

"ನೀನೂ ಇಟ್ಟುಕೊಡಲ್ವಾ?"

ಅವನು ಬಟ್ಟೆಯನ್ನು ಎತ್ತಿಕೊಂಡು ಬಹಳ ಹೊತ್ತು ಕೊಡವಿದ. "ಇಟ್ಟುಕೊಡ್ತೀನಿ" ಎಂದ. "ಆದ್ರೆ ನನ್ನದನ್ನ ನಿಮ್ಮ ಕೈಗೆ ಕೊಡೋಕೆ ಹೆದರಿಕೆ ಆಗುತ್ತೆ. ಸುಳ್ಳು ಯಾಕೆ ಹೇಳಲಿ."

ಒಂಬತ್ತು ದಿನ ನಾನು ಹಲೀಮಾಳನ್ನು ಕೂರಿಸಲು ನೋಡಿದೆ. ನನ್ನ ಹಳೆಯ ಸೀರೆಯನ್ನು ಬೇಕೆಂದೇ ಮೊಳೆಗೆ ಸಿಕ್ಕಿಸಿ ಹರಿದು ಒಯ್ದೆ. ಅವಳು ಹರಿದ ಅಂಚನ್ನು ಸವರಿ, "ಬೇರೆ ಯಾರಾದ್ರೂ ಚೆನ್ನಾಗಿರೋರಿಗೆ ಕೊಡು ಅಕ್ಕ" ಎಂದಳು. ಅನ್ನ ಬಿಟ್ಟಳು. ಕೈಗಳನ್ನು ಸೆರಗಿನಲ್ಲಿ ಸುತ್ತಿಟ್ಟುಕೊಂಡು ಗೋಡೆಗೆ ಒರಗಿ ಕೂರುತ್ತಿದ್ದಳು. ಹತ್ತನೆಯ ಬೆಳಿಗ್ಗೆ ನಾನು ಪೆಟ್ಟಿಗೆಯನ್ನೂ ಭರಣಿಯನ್ನೂ ತೆಗೆದುಕೊಂಡು ಹೋಗಿ ಅವಳ ಮುಂದಿಟ್ಟೆ.

"ನಿನ್ನ ಕೈಗೆ ಏನೂ ಆಗಿಲ್ಲ ಹಲೀಮಾ. ನಾನು ಮರಳು ಕದ್ದೆ. ದಿನಾ ಒಂದು ಚಮಚ. ನೀನು ಕೂರ್ತಿದ್ದಿದ್ದು ಎರಡು ಗಂಟೆ ಅಲ್ಲ, ನಲವತ್ತು ನಿಮಿಷ. ನಲವತ್ತು ನಿಮಿಷಕ್ಕೆ ಒಂದೂವರೆ ಬೆರಳು ಬಂದರೆ ನಿನ್ನ ಕೈ ಮೊದಲಿಗಿಂತ ಚುರುಕಾಗಿದೆ ಅಂತ ಅರ್ಥ. ಇಲ್ಲಿದೆ ನೋಡು ಮರಳು."

ಅವಳು ಭರಣಿಯೊಳಗೆ ನೋಡಿದಳು. ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ಕೋಪ ಬರಲಿ ಎಂದು ನಾನು ಕಾದೆ. ಅವಳು ಸೆರಗು ಬಿಚ್ಚಿ ಕೈಗಳನ್ನು ಹೊರಗೆ ತೆಗೆದಳು.

"ಹಾಗಾದ್ರೆ ಹಾಕು ವಾಪಸ್" ಎಂದಳು.

ಅವಳ ಕಣ್ಣೆದುರಿಗೇ ಮರಳನ್ನೆಲ್ಲ ಪೆಟ್ಟಿಗೆಗೆ ಸುರಿದೆ, ಒಂದು ಕಾಳೂ ಚೆಲ್ಲದಂತೆ. ಅವಳು ಹೆಗಲ ಮೇಲೆ ಬಂದಿದ್ದ ಆ ಶಾಲನ್ನು ಮಡಿಲಲ್ಲಿ ಹರಡಿಕೊಂಡಳು. ಸೂಜಿಗೆ ದಾರ ಪೋಣಿಸಿದಳು. ನಾನು ಪೆಟ್ಟಿಗೆಯನ್ನು ಮಗುಚಿದೆ. ಅಂಗಡಿಗೆ ಹೋಗಲಿಲ್ಲ, ಎದುರಿಗೇ ಕೂತೆ.

ಮೊದಲ ಹತ್ತು ನಿಮಿಷದಲ್ಲೇ ನನಗೆ ತಿಳಿಯಿತು. ನಮ್ಮ ಊರಿನಲ್ಲಿ ಕೂತ ಕೈ ನಿಲ್ಲುವುದಿಲ್ಲ. ಅವಳ ಕೈಯೂ ನಿಲ್ಲಲಿಲ್ಲ. ಆದರೆ ಒಂದು ಎಳೆ ತೂರಿಸಿ, ಅದನ್ನು ಹಿಂದಕ್ಕೆ ಎಳೆದು, ಮತ್ತೆ ತೂರಿಸುತ್ತಿತ್ತು. ಮೊದಲೆಲ್ಲ ನೋಡದೆಯೇ ಹೋಗುತ್ತಿದ್ದ ಸೂಜಿ ಈಗ ಪ್ರತಿ ಎಳೆಯ ಬಳಿಯೂ ತಡವರಿಸುತ್ತಿತ್ತು, ಪರಿಚಯವಿಲ್ಲದ ಮನೆಯಲ್ಲಿ ಕತ್ತಲಲ್ಲಿ ನಡೆಯುವವರ ಹಾಗೆ. ಹಾಕಿದ್ದರಲ್ಲಿ ಅರ್ಧ ಬಿಚ್ಚುತ್ತಿದ್ದಳು. ಎದ್ದು ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು. ಹಿಡಿಯುವಂತಿರಲಿಲ್ಲ. ಹೊರಗೆ ನಂಜುಂಡನ ಹೆಂಡತಿ ಇಟ್ಟ ಟೈಮರು ಬಡಿಯುವುದೂ, ಅವನು ಬೀದಿ ದಾಟಿ ಬಂದು ಹೊಸ್ತಿಲಲ್ಲಿ ಇಣುಕುವುದೂ, ಹಿಂದಿರುಗುವುದೂ ಎಷ್ಟು ಸಲ ಆಯಿತೋ. ಮೇಲಿನ ಮರಳು ತೀರಿತು. ತೂಕ ತಟ್ಟೆಯ ಮೇಲೆ ಬಿತ್ತು.

ಹಲೀಮಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಬೆರಳಿಟ್ಟು ಅಳೆದಳು. ಇನ್ನೊಮ್ಮೆ ಅಳೆದಳು.

"ಇವತ್ತು ಎರಡು ಗಂಟೆ ಪೂರ್ತಿ ಆಯ್ತಾ ಅಕ್ಕ?"

"ಆಯ್ತು."

"ನಿಜ ಹೇಳು."

"ನಿಜವಾಗ್ಲೂ ಆಯ್ತು."

"ಒಂದೂವರೆ" ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಶಾಲನ್ನು ನಿಧಾನವಾಗಿ ಮಡಿಸಿದಳು. ಆಮೇಲೆ ನನ್ನ ಹತ್ತಿರ ಸರಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ನಂಗೆ ಗೊತ್ತಿತ್ತು ವಾರಿಜಕ್ಕ, ನೀನು ಕದಿಯೋಳಲ್ಲ. ನನ್ನ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಕಳ್ಳಿ ಅನ್ನಿಸ್ಕೊಳೋಕೂ ತಯಾರಾದ್ಯಲ್ಲ. ಹೆತ್ತ ತಾಯಿನೂ ಇಷ್ಟು ಮಾಡಲ್ಲ."

"ಇಲ್ಲ ಕಣೇ, ನಾನು ನಿಜವಾಗಿ ಕದ್ದೆ. ಆ ಭರಣಿ ನೋಡಿದೆಯಲ್ಲ!"

"ಮರಳಿಗೇನು ಅಕ್ಕ, ನಿನ್ನ ಅಂಗಡಿ ತುಂಬ ಮರಳೇ."

ನಾನು ದೇವರ ಮೇಲೆ ಆಣೆ ಇಟ್ಟೆ. ಅವಳು ನನ್ನ ಬಾಯಿಗೆ ಬೆರಳು ಅಡ್ಡ ಇಟ್ಟಳು. ನಂಜುಂಡನನ್ನು ಕೂಗಿ ಕರೆದು, ನೀನೇ ಹೇಳು ಎಂದೆ. ಅವನು ಹೊಸ್ತಿಲಲ್ಲಿ ನಿಂತು ಅವಳ ಮಡಿಲಿನ ಶಾಲು ನೋಡಿದ, ನನ್ನನ್ನು ನೋಡಿದ. "ಹೌದು ಕಣಕ್ಕ, ಅವರೇ ಕದ್ದಿದ್ದು" ಎಂದ. ಹಲೀಮಾ ಅವನತ್ತ ನೋಡಿ ಕಣ್ಣೊರೆಸಿಕೊಂಡಳು. "ನಿನಗೂ ಹೇಳಿಕೊಟ್ಟಿದ್ದಾಳಾ? ಎಷ್ಟು ಒಳ್ಳೆಯವರಪ್ಪ ನೀವು."

ಅವಳ ಕೈ ನಿಜವಾಗಿಯೇ ಮಗಳ ಹಿಂದೆ ಹೋಗಿತ್ತೋ, ಹೋಯಿತೆಂದು ನಂಬಿದ್ದರಿಂದ ಹೋಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎಷ್ಟೋ ಸಲ ಯೋಚಿಸಿದ್ದೇನೆ. ನಾನು ಮರಳು ಮುಟ್ಟದೆ ಇದ್ದಿದ್ದರೆ ಅವಳು ಆ ಮೆಟ್ಟಿಲಿನ ಮೇಲೆ ಇನ್ನೊಮ್ಮೆ ಬೀಳುತ್ತಿದ್ದಳೇನೋ. ಆದರೆ ಬೀಳುವಾಗ ಅವಳಿಗೆ ನಾಲ್ಕು ಬೆರಳಿನ ನಂಬಿಕೆಯಾದರೂ ಇರುತ್ತಿತ್ತು.

ಮರುದಿನ ಬೆಳಿಗ್ಗೆ ಅವಳೇ ಅಂಗಡಿಗೆ ಬಂದಳು. ತಲೆ ಬಾಚಿಕೊಂಡಿದ್ದಳು, ಒಂದು ಬಟ್ಟಲು ಗಂಜಿ ಕುಡಿದೆ ಎಂದಳು. ಆ ಶಾಲನ್ನು ಮಾತ್ರ ಮುಗಿಸಿ ಕೊಡುತ್ತೇನೆ, ಎಷ್ಟು ದಿನವಾದರೂ ಆಗಲಿ, ಅವರು ಅವಸರ ಇಲ್ಲ ಅಂದಿದ್ದಾರಲ್ಲ, ಎಂದಳು. ಅಂಗಡಿಯ ಮೂಲೆಯಲ್ಲಿದ್ದ ಮಣೆಯ ಮೇಲೆ, ಕಪಾಟಿಗೆ ಬೆನ್ನು ಮಾಡಿ ಕೂತಳು.

"ಎಷ್ಟು ಇಡಲಿ?" ಎಂದೆ.

"ಇನ್ನು ಮೇಲೆ ನಾನು ಹೇಳಲ್ಲ ಅಕ್ಕ. ನೀನೇ ನೋಡಿ ಇಡು. ನನಗಿಂತ ನಿನಗೇ ಗೊತ್ತಾಗುತ್ತೆ."

ನಮ್ಮ ಊರಿನಲ್ಲಿ ಈ ಮಾತನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಗಂಡ ಹೆಂಡತಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಕಪಾಟಿನಲ್ಲಿ ಎಂಟು ನಿಮಿಷದ್ದಿತ್ತು, ಹನ್ನೆರಡರದ್ದಿತ್ತು, ಇಪ್ಪತ್ತು, ಇಪ್ಪತ್ತೈದು, ಒಂದು ಗಂಟೆ. ಒಂದೊಂದನ್ನೂ ತೆಗೆದು ಮೇಜಿನ ಮೇಲಿಟ್ಟೆ, ಮತ್ತೆ ಒಳಗಿಟ್ಟೆ. ನಂಜುಂಡ ಎದುರಿನ ಬಾಗಿಲಲ್ಲಿ ಕೈಯಲ್ಲಿ ತನ್ನ ಟೈಮರು ಹಿಡಿದುಕೊಂಡು ನಿಂತಿದ್ದ, ಬೀದಿ ದಾಟಿ ನನ್ನ ಕೈಗೆ ಕೊಡುವುದೋ ಬೇಡವೋ ಎಂದು. ಹಲೀಮಾ ಸೂಜಿಯ ತುದಿಯನ್ನು ಬಟ್ಟೆಯ ಮೇಲೆ ಹಿಡಿದು, ತಿರುಗಿಯೂ ನೋಡದೆ, ನಾನು ಇಡುವುದನ್ನೇ ಕಾಯುತ್ತಾ ಕೂತಿದ್ದಳು.